ಚಂದ್ರ ಕಂಡಾನ, ಹೊರಡ್ರಿ!

ನಮ್ಮ ಮನೆಯ ಪಡಸಾಲೆ ಗೋಡೆಗೆ ಒಂದು ಮೊಳೆ ಇದೆ. ನಾನು ಹುಟ್ಟುವ ಮೊದಲಿನಿಂದಲೂ ಅದು ಅಲ್ಲೇ ಇದೆಯಂತೆ. ಎಷ್ಟು ಸಲ ಸುಣ್ಣ ಬಳಿದರೂ ಆ ಮೊಳೆಯ ಕೆಳಗೆ ಕ್ಯಾಲೆಂಡರ್ ಉಜ್ಜಿ ಉಜ್ಜಿ ಆದ ಗುರುತು ಮಾತ್ರ ಮುಚ್ಚಿಲ್ಲ. ಡಿಸೆಂಬರ್ ಕೊನೆಯ ವಾರ ನಮ್ಮ ಮುತ್ಯಾ ಶಹಾಪುರದ ಸಂತೆಗೆ ಹೋದನೆಂದರೆ ಎರಡು ಸಾಮಾನು ತಪ್ಪದೇ ತರುತ್ತಿದ್ದ. ನನಗೆ ಪಾವು ಕಿಲೊ ಜಿಲೇಬಿ, ಮೊಳೆಗೆ ಹೊಸ ತೂಗು ಪಂಚಾಂಗ.

ಅದು ಅಂಗಡಿಯವರು ಬಿಟ್ಟಿ ಕೊಡುವ ಕ್ಯಾಲೆಂಡರ್ ಅಲ್ಲ, ದುಡ್ಡು ಕೊಟ್ಟೇ ತರುವುದು. ತಿಂಗಳಿಗೊಂದು ಹಾಳೆ. ಪ್ರತಿ ಚೌಕದಲ್ಲೂ ದಪ್ಪ ತಾರೀಖು, ಕೆಳಗೆ ಸಣ್ಣ ಅಕ್ಷರದಲ್ಲಿ ತಿಥಿ, ನಕ್ಷತ್ರ, ಜಾತ್ರೆ, ಉರುಸು. ಸರಕಾರಿ ರಜೆ ಇದ್ದರೆ ಅಂಕಿ ಕೆಂಪು. ಅಮಾವಾಸ್ಯೆಗೆ ಕರಿ ಗುಂಡು, ಹುಣ್ಣಿಮೆಗೆ ಬಿಳಿ ಗುಂಡು. ಓದಲು ಬಾರದ ನಮ್ಮ ಆಯಿ ಆ ಎರಡು ಗುಂಡುಗಳ ಮೇಲೆಯೇ ಇಡೀ ವರ್ಷ ನಡೆಸುತ್ತಾಳೆ. ಕರಿ ಗುಂಡಿನ ದಿನ ಎತ್ತು ಹೂಡಬಾರದು, ಊರಿಗೆ ಹೊರಡಬಾರದು, ಹೊಸ ಬಟ್ಟೆ ಉಡಬಾರದು. ಬಿಳಿ ಗುಂಡಿಗೆ ಹೋಳಿಗೆಯೋ ಕಡಬೋ ಏನಾದರೊಂದು ಆಗಲೇಬೇಕು.

ಮುತ್ಯಾನಿಗೆ ಅಂಕಿ ಬರುತ್ತಿತ್ತು, ಅಕ್ಷರ ಅಷ್ಟಾಗಿ ಬರುತ್ತಿರಲಿಲ್ಲ. ಹಾಗಾಗಿ ನಾಲ್ಕನೇ ತರಗತಿಗೆ ಬಂದಾಗಿನಿಂದ ಆ ಸಣ್ಣ ಅಕ್ಷರ ಓದಿ ಹೇಳುವ ಕೆಲಸ ನನ್ನದು. ಅವನು ಕೇಳಿಸಿಕೊಂಡು ಪೆನ್ಸಿಲಿನಿಂದ ಗುರುತು ಹಾಕುತ್ತಿದ್ದ. ಎಮ್ಮೆ ಗಬ್ಬ ಆದ ದಿನಕ್ಕೆ ಒಂದು ಗೀಟು, ಸಿಲಿಂಡರ್ ಬಂದ ದಿನಕ್ಕೆ ಒಂದು ಸೊನ್ನೆ. ಅಪ್ಪ–ಅವ್ವ ಬೆಂಗಳೂರಿಗೆ ಹೋದ ದಿನಕ್ಕೆ ಮಾತ್ರ ಒಂದು ಬಾಣ, ತೆಂಕಣ ದಿಕ್ಕಿಗೆ.

ಸೂರ್ಯ ನೌಕರ, ಚಂದ್ರ ದಿನಗೂಲಿ

ಯಾದಗಿರಿ, ಶಹಾಪುರ, ಸುರಪುರದ ಹಳ್ಳಿಗಳಲ್ಲಿ ಗುಳೆ ಎಂಬ ಮಾತನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಮ್ಮದು ಎರಡೆಕರೆ ಒಣಬೇಸಾಯ. ಅದನ್ನು ದೊಡ್ಡಪ್ಪನಿಗೆ ಪಾಲಿಗೆ ಕೊಟ್ಟು ಅಪ್ಪ–ಅವ್ವ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡುತ್ತಾರೆ. ಯಾದಗಿರಿ ಸ್ಟೇಷನ್ನಿನಲ್ಲಿ ಜನರಲ್ ಬೋಗಿ ಹತ್ತಿದರೆ ಮರುದಿನ ತಗಡಿನ ಶೆಡ್ಡು. ವರ್ಷಕ್ಕೆ ಎರಡೋ ಮೂರೋ ಸಲ ಊರು. ಯಾವಾಗ ಬರಬೇಕು ಎಂದು ಹೇಳುವವನು ಮುತ್ಯಾ.

ಚಿಕ್ಕವಳಿದ್ದಾಗ ನನಗೊಂದು ಅನುಮಾನ ಇತ್ತು. ಮೈಲಾಪುರದ ಮಲ್ಲಯ್ಯನ ಜಾತ್ರೆ ಯಾವಾಗ ನೋಡಿದರೂ ಜನವರಿ 14ಕ್ಕೋ 15ಕ್ಕೋ ಬರುತ್ತದೆ. ತಿಂಥಣಿ ಮೌನೇಶ್ವರನ ಜಾತ್ರೆ ಮಾತ್ರ ಫೆಬ್ರುವರಿಯ ಈ ಕಡೆ ಆ ಕಡೆ ಜೋಲಿ ಹೊಡೆಯುತ್ತದೆ. ಮೊಹರಂ ಅಂತೂ ಒಂದು ವರ್ಷ ಬಂದ ತಿಂಗಳಿಗೆ ಕೆಲ ವರ್ಷ ಕಳೆದರೆ ಮತ್ತೆ ಬರುವುದೇ ಇಲ್ಲ! ಕೇಳಿದ್ದಕ್ಕೆ ಮುತ್ಯಾ ನಕ್ಕಿದ್ದ.

‘ನೋಡವ್ವಾ, ಸೂರ್ಯ ಸರಕಾರಿ ನೌಕರ ಇದ್ದಂಗ. ಹೇಳಿದ ತಾರೀಖಿಗೆ ಬರ್ತಾನ. ಮೈಲಾರಲಿಂಗ ಸಂಕ್ರಾಂತಿಯವ, ಅವ ಸೂರ್ಯನ ಲೆಕ್ಕ. ಚಂದ್ರ ನಮ್ಮಂಗ ದಿನಗೂಲಿ. ವರ್ಷ ಪೂರಾ ದುಡದ್ರೂ ಹನ್ನೊಂದು ದಿನ ಕಡಿಮಿ ಬೀಳ್ತಾವ.’

ಮುಂದೆ ಕಾಲೇಜಿಗೆ ಬಂದ ಮೇಲೆ ಲೆಕ್ಕ ಹಾಕಿ ನೋಡಿದೆ. ಮುತ್ಯಾ ಹೇಳಿದ್ದು ಸರಿಯಾಗಿಯೇ ಇತ್ತು. ಒಂದು ಅಮಾವಾಸ್ಯೆಯಿಂದ ಇನ್ನೊಂದಕ್ಕೆ ಸರಾಸರಿ 29 ದಿನ 12 ಗಂಟೆ 44 ನಿಮಿಷ. ಅಂಥ ಹನ್ನೆರಡು ಸೇರಿದರೆ 354 ದಿನ. ಸೂರ್ಯನ ವರ್ಷಕ್ಕೆ 365. ಹನ್ನೊಂದು ದಿನ ಬಾಕಿ.

ಈ ಬಾಕಿಯನ್ನು ಏನು ಮಾಡಬೇಕು ಎಂಬುದರಲ್ಲೇ ಪಂಚಾಂಗಗಳ ವ್ಯತ್ಯಾಸ ಇರುವುದು. ನಮ್ಮ ಪಂಚಾಂಗ ಆ ಬಾಕಿಯನ್ನು ಕೂಡಿಟ್ಟು ಸುಮಾರು 32–33 ತಿಂಗಳಿಗೊಮ್ಮೆ ಅಧಿಕ ಮಾಸ ಅಂತ ಇಡೀ ತಿಂಗಳನ್ನೇ ಚುಕ್ತಾ ಮಾಡುತ್ತದೆ. 19 ವರ್ಷಕ್ಕೆ ಇಂಥ 7 ತಿಂಗಳು. ಅದಕ್ಕೇ ಯುಗಾದಿ 2025ರಲ್ಲಿ ಮಾರ್ಚ್ 30ಕ್ಕೆ ಬಂದು, 2026ರಲ್ಲಿ ಹನ್ನೊಂದು ದಿನ ಹಿಂದೆ ಸರಿದು ಮಾರ್ಚ್ 19ಕ್ಕೆ ಬಂತು. 2027ರಲ್ಲಿ ಮತ್ತೆ ಮುಂದೆ ಜಿಗಿದು ಏಪ್ರಿಲ್ 7ಕ್ಕೆ ಬರುತ್ತದೆ. ತಿಂಥಣಿ ಜಾತ್ರೆ ಮಾಘದ ಭಾರತ ಹುಣ್ಣಿಮೆಯ ಹೊತ್ತಿನದು. ಹಾಗಾಗಿ ಅದು ಜೋಲಿ ಹೊಡೆದರೂ ಹಗ್ಗದ ಉದ್ದ ಮೀರುವುದಿಲ್ಲ.

ಮೊಹರಂನದು ಅಪ್ಪಟ ಚಂದ್ರನ ಲೆಕ್ಕ. ಅಲ್ಲಿ ಬಾಕಿ ತುಂಬಿಸುವ ಪದ್ಧತಿಯೇ ಇಲ್ಲ. 2022ರಲ್ಲಿ ಆಗಸ್ಟ್ 9, 2023ರಲ್ಲಿ ಜುಲೈ 29, 2024ರಲ್ಲಿ ಜುಲೈ 17, 2025ರಲ್ಲಿ ಜುಲೈ 6. ಹೀಗೆ ಹಿಂದಕ್ಕೆ ಹೆಜ್ಜೆ ಹಾಕುತ್ತಾ 33 ವರ್ಷದ ಸುಮಾರಿಗೆ ಮಳೆ, ಚಳಿ, ಬಿಸಿಲು ಎಲ್ಲವನ್ನೂ ಒಂದು ಸುತ್ತು ಹಾಕಿ ಬರುತ್ತದೆ.

ಮಾಳಗಿ ಮೇಲಿನ ಸಂಜೆ

ನಮ್ಮ ಊರಲ್ಲಿ ಮೊಹರಂ ಎಂದರೆ ಒಂದು ಓಣಿಯ ಹಬ್ಬ ಅಲ್ಲ. ಚಂದ್ರ ಕಂಡ ಮೇಲೆ ಮಸೂತಿ ಮುಂದೆ ಅಲಾಯಿ ಕುಣಿಗೆ ಗುದ್ದಲಿ ಬೀಳುತ್ತದೆ. ಹೆಜ್ಜೆ ಹಾಕುವವರಲ್ಲಿ, ರಿವಾಯತ್ ಪದ ಹಾಡುವವರಲ್ಲಿ, ಸಕ್ಕರೆ ಓದಿಸುವವರಲ್ಲಿ ಎಲ್ಲ ಜಾತಿಯವರೂ ಇದ್ದಾರೆ. ನಮ್ಮ ಅಪ್ಪ ಚಿಕ್ಕಂದಿನಲ್ಲಿ ಜ್ವರ ಬಂದು ಉಳಿಯುವುದೇ ಕಷ್ಟವಾಗಿದ್ದಾಗ ಆಯಿ ಪೀರದೇವರಿಗೆ ಹರಕೆ ಹೊತ್ತಿದ್ದಳಂತೆ. ಆಗಿನಿಂದ ಪ್ರತಿ ವರ್ಷ ಅಪ್ಪ ಕೊರಳಿಗೆ ಕೆಂಪು ಲಾಡಿ ಹಾಕಿಕೊಂಡು ಫಕೀರನಾಗುತ್ತಾನೆ. ಕಟ್ಟಡದ ಕೆಲಸಕ್ಕೆ ಹೋದ ಮೇಲೂ ಒಂದು ವರ್ಷ ತಪ್ಪಿಸಿರಲಿಲ್ಲ.

ತಪ್ಪದಂತೆ ನೋಡಿಕೊಂಡವನು ಮುತ್ಯಾ. ಪಂಚಾಂಗದಲ್ಲಿ ಮೊಹರಂ ತಾರೀಖು ಅಚ್ಚಾಗಿದ್ದರೂ ಅವನು ಅದನ್ನು ಪೂರ್ತಿ ನಂಬುತ್ತಿರಲಿಲ್ಲ. ಸರಕಾರದ ರಜೆ ಪಟ್ಟಿ ಕೂಡ ಚಂದ್ರದರ್ಶನದ ಮೇಲೆ ಈ ಹಬ್ಬಗಳ ದಿನ ಬದಲಾಗಬಹುದು ಅಂತ ಅವಕಾಶ ಇಟ್ಟುಕೊಂಡಿರುತ್ತದೆ. ಕರಿ ಗುಂಡಿನ ಮರುದಿನ ಸಂಜೆ ಮುತ್ಯಾ ನನ್ನನ್ನು ಕರೆದುಕೊಂಡು ಮಾಳಗಿ ಹತ್ತುತ್ತಿದ್ದ. ಹೊತ್ತು ಮುಳುಗಿದ ಕಡೆ ಮುಖ ಮಾಡಿ ನಿಲ್ಲುತ್ತಿದ್ದೆವು. ಅವನ ಕಣ್ಣಿಗೆ ಪೊರೆ ಬಂದ ಮೇಲೆ ನೋಡುವ ಕೆಲಸವೂ ನನ್ನದೇ ಆಯಿತು. ಉಗುರು ಕತ್ತರಿಸಿ ಎಸೆದಂಥ ಗೆರೆ. ಕಂಡ ಸ್ವಲ್ಪ ಹೊತ್ತಿಗೇ ಅದೂ ಮುಳುಗುತ್ತಿತ್ತು.

ಹಾಗೆ ನಿಂತಾಗಲೇ ಚಂದ್ರನ ಪಾಠ ನಡೆಯುತ್ತಿತ್ತು. ಎಳೆ ಚಂದ್ರ ಸೂರ್ಯನ ಬೆನ್ನಿಗೇ ಮುಳುಗುತ್ತಾನೆ. ಹುಣ್ಣಿಮೆ ಚಂದ್ರ ಸೂರ್ಯ ಮುಳುಗಿದಾಗ ಹುಟ್ಟುತ್ತಾನೆ. ಬಹುಳ ಅಷ್ಟಮಿಯ ಅರ್ಧ ಚಂದ್ರ ಹುಟ್ಟುವುದು ನಡುರಾತ್ರಿಗೆ. ‘ಕೃಷ್ಣ ಹುಟ್ಟಿದ್ದೂ ಅದ ಹೊತ್ತಿಗಿ’ ಅನ್ನುತ್ತಿದ್ದ ಮುತ್ಯಾ. ಸುರಪುರದ ವೇಣುಗೋಪಾಲಸ್ವಾಮಿ ಜಾತ್ರೆಗೆ ಹೋಗಿ, ಎಣ್ಣೆ ಹಚ್ಚಿದ ಕಂಬ ಹತ್ತುವವರನ್ನು ನೋಡಿ ಬಂದ ರಾತ್ರಿ ನಾನು ನಿದ್ದೆಗೆಟ್ಟು ಕಾದು ನೋಡಿದ್ದೇನೆ. ಅವನು ಹೇಳಿದ ಹೊತ್ತಿಗೇ ಮೂಡಣದಲ್ಲಿ ಅರ್ಧ ಚಂದ್ರ ಎದ್ದಿತ್ತು.

ಮೊಹರಂನ ಚಂದ್ರ ಕಂಡ ಕೂಡಲೇ ಬೆಂಗಳೂರಿಗೆ ಫೋನು. ನಾನು ಹಚ್ಚಿ ಕೊಡಬೇಕು, ಅವನು ಎರಡೇ ಮಾತು ಹೇಳಿ ಇಡುತ್ತಿದ್ದ. ‘ಚಂದ್ರ ಕಂಡಾನ, ಹೊರಡ್ರಿ.’

ಕೆಲಸದವರಿಗೆ ಹತ್ತು ದಿನ ಬೇಕು. ಮೇಸ್ತ್ರಿಗೆ ಹೇಳಬೇಕು, ಅವನ ಸಿಟ್ಟು ಇಳಿಯಬೇಕು, ಶನಿವಾರದ ಬಟವಾಡೆ ಕೈಗೆ ಬರಬೇಕು. ಕ್ಯಾಲೆಂಡರಿನ ಕೆಂಪು ಅಂಕಿ ಶೆಡ್ಡಿನಲ್ಲಿರುವವರಿಗೆ ರಜೆ ಅಲ್ಲ. ಅಪ್ಪ ಹೇಳುವಂತೆ, ‘ಕೆಂಪು ಅಂದ್ರ ನಮಗ ಪಗಾರ ಇಲ್ಲದ ದಿನ.’ ಆ ಪಗಾರ ಬಿಟ್ಟು ಬರಲು ಗಟ್ಟಿ ಕಾರಣ ಬೇಕು. ಮುತ್ಯಾನ ಎರಡು ಮಾತೇ ಆ ಕಾರಣ.

ಮುಚ್ಚಿದ ಕುಣಿ

2025ರ ಪಂಚಾಂಗವನ್ನು ಮೊಳೆಗೆ ಹಾಕಿದವನು ಮುತ್ಯಾನೇ. ಜನವರಿ ಹಾಳೆ ತಿರುವುವ ಮೊದಲೇ ಅವನು ಹೋದ. ತೊಗರಿ ರಾಶಿ ನಡೆದಿತ್ತು.

ನಾನು ಯಾದಗಿರಿಯ ಹಾಸ್ಟೆಲ್‌ನಲ್ಲಿದ್ದೆ. ಜೂನ್ ಕೊನೆಗೆ ಪರೀಕ್ಷೆ ತಲೆ ತಿನ್ನುತ್ತಿತ್ತು. ಹಾಸ್ಟೆಲ್ ಗೋಡೆಗೆ ತೂಗು ಪಂಚಾಂಗ ಇಲ್ಲ. ತಾರೀಖಿಗೆ ಮೊಬೈಲ್ ಸಾಕು. ಆ ವರ್ಷ ಮೊಹರಂ ಬಿದ್ದದ್ದು ಭಾನುವಾರ. ವಾರದ ನಡುವೆ ಬಂದಿದ್ದರೆ ಕಾಲೇಜಿಗೆ ರಜೆ ಎಂದಾದರೂ ಗೊತ್ತಾಗುತ್ತಿತ್ತು. ಭಾನುವಾರದ ಕೆಂಪಿನಲ್ಲಿ ಹಬ್ಬದ ಕೆಂಪು ಕರಗಿಹೋಯಿತು. ಅಪ್ಪನ ಜೊತೆ ಹಿಂದಿನ ವಾರವೇ ಫೋನಿನಲ್ಲಿ ಮಾತಾಡಿದ್ದೆ. ಪರೀಕ್ಷೆ, ದುಡ್ಡು, ಮಳೆ ಎಲ್ಲ ಮಾತಾಡಿದೆವು. ಚಂದ್ರನ ಸುದ್ದಿ ಇಬ್ಬರಿಗೂ ನೆನಪಾಗಲಿಲ್ಲ. ನೆನಪಿಸುವುದು ಇನ್ನೊಬ್ಬರ ಕೆಲಸವಾಗಿತ್ತಲ್ಲ.

ಆಯಿ ಊರಲ್ಲೇ ಇದ್ದಳು. ಗುದ್ದಲಿ ಬಿದ್ದದ್ದು ನೋಡಿದಳು. ಮಗನಿಗೆ ಮೊಮ್ಮಗಳು ಹೇಳಿರುತ್ತಾಳೆ, ಮೇಸ್ತ್ರಿ ಬಿಟ್ಟಿರಲಿಕ್ಕಿಲ್ಲ ಅಂದುಕೊಂಡಳು. ಕತ್ತಲ ರಾತ್ರಿ ಒಬ್ಬಳೇ ಹೋಗಿ ಸಕ್ಕರೆ ಓದಿಸಿ ಬಂದಳು.

ಅಪ್ಪನ ತಲೆಯಲ್ಲಿ ಹಿಂದಿನ ವರ್ಷದ ಜುಲೈ 17 ಕೂತಿತ್ತು. ಆ ಸಲ ಅವನ ಕೆಲಸ ನಗರದ ಇನ್ನೊಂದು ತುದಿಯಲ್ಲಿ, ನಮ್ಮ ಊರಿನವರು ಯಾರೂ ಇಲ್ಲದ ಕಡೆ. ಮೇಸ್ತ್ರಿಯನ್ನು ಒಪ್ಪಿಸಿ, ಎರಡು ದಿನ ಮೊದಲೇ ಇರಲಿ ಎಂದು ಜುಲೈ 15ಕ್ಕೆ ಊರು ಮುಟ್ಟಿದ. ಕೈಯಲ್ಲಿ ಎರಡು ಕಿಲೊ ಸಕ್ಕರೆ, ಜೇಬಿನಲ್ಲಿ ಹೊಸ ಲಾಡಿ. ಬಸ್ ಇಳಿದು ಮಸೂತಿ ಮುಂದೆಯೇ ಬರಬೇಕು. ಕುಣಿ ಮುಚ್ಚಿ ಒಂಬತ್ತು ದಿನವಾಗಿತ್ತು. ಮೇಲೆ ಮಳೆ ಬಿದ್ದು ಮಣ್ಣು ಕೂತಿತ್ತು.

ಪರೀಕ್ಷೆ ಮುಗಿಸಿ ನಾನು ಮರುದಿನ ಊರಿಗೆ ಬಂದಾಗ ಅಪ್ಪ ಕಟ್ಟೆ ಮೇಲೆ ಕೂತಿದ್ದ. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ‘ಯಾರೂ ಹೇಳಲಿಲ್ಲಲ್ಲ ಯವ್ವಾ’ ಅಂದ, ಅಷ್ಟೇ. ಒಳಗೆ ಮೊಳೆಗೆ ತೂಗಿದ್ದ ಪಂಚಾಂಗದಲ್ಲಿ ಇನ್ನೂ ಜನವರಿ ಹಾಳೆಯೇ ಇತ್ತು. ಮುತ್ಯಾ ಹೋದ ಮೇಲೆ ಯಾರೂ ತಿರುವಿರಲಿಲ್ಲ.

ಫೋನಿನಲ್ಲಿದ್ದ ಚೀನಾದ ಚಂದ್ರ

ಆ ಸಂಜೆ ಅಪ್ಪನ ಮೊಬೈಲ್ ಕೈಗೆತ್ತಿಕೊಂಡೆ. ಹಳೆಯ ಫೋನು, ಯಾರೋ ಬಳಸಿ ಮಾರಿದ್ದು. ಕ್ಯಾಲೆಂಡರ್ ತೆರೆದರೆ ಪ್ರತಿ ತಾರೀಖಿನ ಕೆಳಗೆ ಎರಡೆರಡು ಚೀನಿ ಅಕ್ಷರ. ‘ಕೊಂಡಾಗಿಂದ ಹಂಗೇ ಅದ, ತೆಗಿಯಾಕ ಬರಂಗಿಲ್ಲ’ ಅಂದ ಅಪ್ಪ. ನಾನೂ ತೆಗೆಯಲು ಹೊರಟವಳು ಒಂದು ಗುರುತು ನೋಡಿ ನಿಂತೆ. ಸಾಲಾಗಿ ಒಂಬತ್ತು ದಿನ, ಎರಡಕ್ಷರದಲ್ಲಿ ಮೊದಲನೆಯದು ನಮ್ಮ ಕೂಡುವ ಲೆಕ್ಕದ ಗುರುತಿನಂತೆಯೇ ಇತ್ತು. ಆ ಒಂಬತ್ತು ದಿನಗಳ ನಡುವೆಯೇ ಗುರು ಪೂರ್ಣಿಮೆಯೂ ಇತ್ತು.

ಹುಡುಕಿ ಓದಿದಾಗ ತಿಳಿಯಿತು. ಆ ಕೂಡುವ ಗುರುತು ಚೀನಿ ಭಾಷೆಯಲ್ಲಿ ಹತ್ತು. ಅಲ್ಲಿಂದ ಹನ್ನೊಂದು, ಹನ್ನೆರಡು ಎಂದು ಹತ್ತೊಂಬತ್ತರವರೆಗೆ ಸಾಲು. ಅವು ಚೀನಾದ ಚಾಂದ್ರಮಾನ ತಾರೀಖುಗಳು. ಅವರ ತಿಂಗಳು ಶುರುವಾಗುವುದು ಅಮಾವಾಸ್ಯೆ ಘಟಿಸುವ ದಿನವೇ, ಬೀಜಿಂಗ್ ಗಡಿಯಾರದ ಪ್ರಕಾರ. ಅದು ನಮ್ಮ ಗಡಿಯಾರಕ್ಕಿಂತ ಎರಡೂವರೆ ಗಂಟೆ ಮುಂದೆ. ಹದಿನೈದರ ಆಸುಪಾಸಿಗೆ ಹುಣ್ಣಿಮೆ. ಅಂದರೆ ಅಪ್ಪ ವರ್ಷವಿಡೀ ಜೇಬಿನಲ್ಲಿ ಚಂದ್ರನನ್ನು ಇಟ್ಟುಕೊಂಡೇ ಓಡಾಡಿದ್ದ. ಓದಲು ಬಂದಿರಲಿಲ್ಲ ಅಷ್ಟೇ.

ತಪ್ಪಿಹೋದ ಜುಲೈ 6ರ ಚೌಕವನ್ನು ಒತ್ತಿ ನೋಡಿದೆ. ಚೀನಾದ ಲೆಕ್ಕದಲ್ಲಿ 12. ಮುತ್ಯಾನ ಪಂಚಾಂಗ ತಂದು ಜುಲೈ ಹಾಳೆ ತೆರೆದೆ. ಅದೇ ದಿನ ಆಷಾಢ ಶುದ್ಧ ಏಕಾದಶಿ, ಪಂಢರಪುರದಲ್ಲಿ ದೊಡ್ಡ ವಾರಿ ಸೇರುವ ದಿನ. ಅಂದರೆ 11. ಮೊಹರಂ ತಿಂಗಳಲ್ಲಿ ಅದು 10. ಆಕಾಶದಲ್ಲಿ ಇದ್ದದ್ದು ಒಬ್ಬನೇ ಚಂದ್ರ, ಅದೇ ಹೊಳಪು, ಅದೇ ಆಕಾರ. ಒಬ್ಬರು ಅಮಾವಾಸ್ಯೆ ದಿನದಿಂದಲೇ ಎಣಿಸುತ್ತಾರೆ, ಒಬ್ಬರು ಅಮಾವಾಸ್ಯೆ ಮುಗಿದ ಮೇಲೆ, ಒಬ್ಬರು ಕಣ್ಣಿಗೆ ಕಂಡ ಮೇಲೆ. 12, 11, 10. ಈ ಮೂರನ್ನು ನೋಟ್‌ಬುಕ್ಕಿನಲ್ಲಿ ಕೆಳಗೆ ಕೆಳಗೆ ಬರೆದುಕೊಂಡೆ. ಓದಿದ ಯಾವ ಪುಸ್ತಕವೂ ನನಗೆ ಚಂದ್ರನನ್ನು ಇಷ್ಟು ಸರಳವಾಗಿ ತಿಳಿಸಿರಲಿಲ್ಲ.

ಇನ್ನೊಂದು ವಿಷಯವೂ ಸಿಕ್ಕಿತು. ಚೀನಾದವರೂ ನಮ್ಮಂತೆಯೇ ಬಾಕಿ ತೀರಿಸುತ್ತಾರೆ, 19 ವರ್ಷಕ್ಕೆ 7 ತಿಂಗಳು. ಆದರೆ ತೀರಿಸುವ ಹೊತ್ತು ಬೇರೆ. 2025ರಲ್ಲಿ ಅವರಿಗೆ ಆರನೇ ತಿಂಗಳು ಎರಡು ಸಲ ಬಂತು, ಎರಡನೆಯದು ಜುಲೈ 25ರಿಂದ ಆಗಸ್ಟ್ 22ರವರೆಗೆ. ನಮ್ಮ ಅಧಿಕ ಜ್ಯೇಷ್ಠ ಬರುವುದು 2026ರ ಮೇ 17ರಿಂದ ಜೂನ್ 15ರವರೆಗೆ. ಅವರ ಹೊಸ ವರ್ಷ 2026ರಲ್ಲಿ ಫೆಬ್ರುವರಿ 17ಕ್ಕೆ ಬಂತು. ಅಂದು ನಮಗೆ ಶಿವರಾತ್ರಿಯ ಬೆನ್ನಿಗೆ ಬರುವ ಅಮಾವಾಸ್ಯೆ. ಊರು ಬಿಟ್ಟು ನಗರಗಳಲ್ಲಿ ದುಡಿಯುವ ಕೋಟ್ಯಂತರ ಚೀನಿಯರು ಆ ಅಮಾವಾಸ್ಯೆಗೆ ರೈಲು, ಬಸ್ಸು ತುಂಬಿ ಹಳ್ಳಿಗೆ ಮರಳುತ್ತಾರೆ. ಅಪ್ಪನಿಗೆ ಇದನ್ನು ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ, ‘ಅಲ್ಲೂ ಜನರಲ್ ಬೋಗಿ ಹಿಂಗೇ ತುಂಬಿರ್ತದೇನು?’ ಆ ವಾರದಲ್ಲಿ ಅಪ್ಪ ನಕ್ಕದ್ದು ಆಗಲೇ.

ಮುತ್ಯಾನ ವಯಸ್ಸು

ಇದೇ ಲೆಕ್ಕ ಇನ್ನೊಂದಕ್ಕೂ ಬಂತು. ಮುತ್ಯಾನ ಆಧಾರ್‌ನಲ್ಲಿ ಹುಟ್ಟಿದ ದಿನ 1950ರ ಜನವರಿ 1. ನಮ್ಮ ಕಡೆ ಅರ್ಧ ಊರಿನ ಹಿರಿಯರು ಜನವರಿ ಒಂದಕ್ಕೇ ಹುಟ್ಟಿದ್ದಾರೆ! ನಿಜವಾದ ದಿನ ಅವನಿಗೂ ಗೊತ್ತಿರಲಿಲ್ಲ. ಅವನ ಅವ್ವ ಹೇಳಿದ್ದು ಒಂದೇ ಮಾತು: ‘ತೊಗರಿ ರಾಶಿಯಾಗ ಮೊಹರಂ ಬಂದಿತ್ತು, ಆಗ ಹುಟ್ಟಿದಿ.’ ಅವನೂ ಒಂದು ಮಾತು ಸೇರಿಸುತ್ತಿದ್ದ: ‘ಆಮ್ಯಾಲ ಎರಡು ಸುತ್ತು ನಾನೇ ನೋಡೀನಿ.’

ನಮ್ಮ ಕಡೆ ತೊಗರಿ ರಾಶಿ ಡಿಸೆಂಬರ್–ಜನವರಿಗೆ. 2009ರಲ್ಲಿ ಮೊಹರಂ ಎರಡು ಸಲ ಬಂದಿತ್ತು, ಜನವರಿ ಮೊದಲ ಭಾಗದಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಅದು ಅವನು ನೋಡಿದ ಎರಡನೇ ಸುತ್ತು. ಅಲ್ಲಿಂದ 33 ವರ್ಷ ಹಿಂದೆ ಹೋದರೆ 1976ರ ಜನವರಿ, ಮೊದಲ ಸುತ್ತು. ಇನ್ನೊಂದು ಸುತ್ತು ಹಿಂದೆ ಹೋದರೆ 1943ರಿಂದ 1945. ನಮ್ಮ ಊರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ಕಾಲ. ಅಂದರೆ ಮುತ್ಯಾ ಹೋದಾಗ ಅವನಿಗೆ 75 ಅಲ್ಲ, 80ರ ಸುಮಾರು. ಆಯಿಗೆ ಹೇಳಿದರೆ, ‘ನನಗಿಂತ ಅಷ್ಟು ದೊಡ್ಡವ ಇದ್ದನೇನು? ಮದಿವ್ಯಾಗ ಯಾರೂ ಹೇಳಲಿಲ್ಲ’ ಎಂದು ಸೆರಗು ಬಾಯಿಗಿಟ್ಟು ನಕ್ಕಳು. ಆಮೇಲೆ ಅತ್ತಳು.

ಕಾಗದ ಪತ್ರ ಇಲ್ಲದವನಿಗೆ ಹುಟ್ಟಿದ ವರ್ಷ ಕೊಟ್ಟದ್ದು ಒಂದು ಬೆಳೆ, ಒಂದು ಹಬ್ಬ. ಬೆಳೆ ಸೂರ್ಯನದು, ಹಬ್ಬ ಚಂದ್ರನದು. ಅವೆರಡೂ ಒಟ್ಟಿಗೆ ಬರುವುದು 33 ವರ್ಷಕ್ಕೊಂದು ಸಲವಾದ್ದರಿಂದಲೇ ಲೆಕ್ಕ ಸಿಕ್ಕಿತು.

ಈಗ ನನ್ನ ಕೆಲಸ

2026ರ ತೂಗು ಪಂಚಾಂಗವನ್ನು ಶಹಾಪುರದಿಂದ ನಾನೇ ತಂದೆ. ಪಾವು ಕಿಲೊ ಜಿಲೇಬಿಯನ್ನೂ ತಂದೆ. ಅದೇ ಮೊಳೆ. ತಿಂಗಳ ಒಂದನೇ ತಾರೀಖಿಗೆ ಆಯಿ ಫೋನು ಮಾಡಿ ‘ಹಾಳಿ ತಿರುವೀನಿ’ ಎಂದು ವರದಿ ಕೊಡಬೇಕು, ಇದು ನಮ್ಮಿಬ್ಬರ ಒಪ್ಪಂದ. ಅಪ್ಪನ ಫೋನಿನಿಂದ ಚೀನಿ ಅಕ್ಷರ ತೆಗೆದಿಲ್ಲ. ಅವ್ವನಿಗೆ ಆ ಕೂಡುವ ಗುರುತು ತೋರಿಸಿದ್ದೇನೆ. ಆ ಗುರುತಿನ ಸಾಲಿನ ನಡುವಿಗೆ ಬಂದಾಗ ಶೆಡ್ಡಿನಿಂದ ಹೊರಗೆ ಬಂದು ಮೇಲೆ ನೋಡುತ್ತಾಳಂತೆ. ‘ದಿನ ಒಂದು ಹೆಚ್ಚುಕಡಿಮಿ ಆಗ್ತದ, ಆದ್ರ ಹುಣ್ಣಿಮಿ ಸಿಗ್ತದ’ ಅನ್ನುತ್ತಾಳೆ. ಅಕ್ಕಪಕ್ಕದ ಶೆಡ್ಡಿನ ಹೆಂಗಸರೂ ಈಗ ಅವಳನ್ನೇ ಕೇಳುತ್ತಾರಂತೆ.

ಗೆಳೆಯರೇ, ನಮ್ಮೆಲ್ಲರ ಮೊಬೈಲ್‌ನಲ್ಲಿ ತಾರೀಖು ಇದೆ, ರಜೆ ಪಟ್ಟಿ ಇದೆ, ಬೇಕೆಂದರೆ ಚಂದ್ರನ ಚಿತ್ರವೂ ಇದೆ. ಆದರೂ ಜುಲೈ 6 ನನ್ನ ಕೈತಪ್ಪಿತು. ಎಲ್ಲ ಮನೆಯಲ್ಲೂ ಒಬ್ಬರು ಸುಮ್ಮನೆ ಈ ಎಣಿಕೆ ಮಾಡುತ್ತಿರುತ್ತಾರೆ. ಅವರು ಇರುವಷ್ಟು ದಿನ ಅದೊಂದು ಕೆಲಸ ಅಂತ ನಮಗೆ ಅನ್ನಿಸುವುದೇ ಇಲ್ಲ. ನಿಮ್ಮ ಮನೆಯಲ್ಲಿ ಆ ಕೆಲಸ ಯಾರದು? ಒಮ್ಮೆ ಅವರ ಪಕ್ಕ ಕೂತು ಕಲಿತುಕೊಳ್ಳಿ.

ಈ ವರ್ಷದ ರಜೆ ಪಟ್ಟಿಯಲ್ಲಿ ಮೊಹರಂ ಜೂನ್ 26, ಶುಕ್ರವಾರ. ಜೂನ್ 15ಕ್ಕೆ ಅಧಿಕ ಮಾಸದ ಕರಿ ಗುಂಡು. ಮರುದಿನ ಸಂಜೆ ನಾನು ಊರಲ್ಲಿರುತ್ತೇನೆ, ಹಾಸ್ಟೆಲ್ ವಾರ್ಡನ್‌ಗೆ ಈಗಲೇ ಹೇಳಿಟ್ಟಿದ್ದೇನೆ. ಮುಂಗಾರಿನ ಮೋಡ ಅಡ್ಡ ಬಂದರೆ ಮಸೂತಿಯ ಮುಜಾವರ ಚಾಚಾನ ಮನೆಗೆ ಓಡಿ ಕೇಳಿ ಬರುತ್ತೇನೆ. ಮೋಡ ಇಲ್ಲದಿದ್ದರೆ ಆಯಿಯನ್ನು ಕೈಹಿಡಿದು ಮಾಳಗಿ ಹತ್ತಿಸುವುದು. ಆಮೇಲೆ ಬೆಂಗಳೂರಿಗೆ ಫೋನು. ಹೇಳಬೇಕಾದ ಎರಡು ಮಾತು ನನಗೆ ಬಾಯಿಪಾಠ.